ಧ್ವನಿ ತೆಗೆದ ಮೇಲೆ ಬಂದ ಹೆಸರು

ನನ್ನ ಬಾಯಿ ಒಳ್ಳೆಯದಲ್ಲ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ, ಯಾಕೆಂದರೆ ಯಾದಗಿರಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಮೊದಲು ಅದನ್ನು ಹೇಳಿ ಆಮೇಲೆ ನಮ್ಮ ಮನೆ ತೋರಿಸುತ್ತಾರೆ. ನಳದ ನೀರು ಬಿಡುವವನು ನಮ್ಮ ಬಾಗಿಲ ಮುಂದೆ ಸೈಕಲ್ ಇಳಿಯುವುದಿಲ್ಲ. ಬೀಗರು ಬಂದರೆ ಸೊಸೆ ಮೊದಲು ನನಗೆ ಎಲೆ ಅಡಿಕೆ ಕೊಡುತ್ತಾಳೆ. ಮರ್ಯಾದೆಗಲ್ಲ, ಬಾಯಿ ತುಂಬಿರಲಿ ಎಂದು. ಇಂಥ ನಾನು ಮೂಕ ಸಿನಿಮಾದಲ್ಲಿ ನಗಿಸುವವಳಾಗಿ ಹೆಸರು ಮಾಡಿದೆ, ಮುಂದೆ ಡೈರೆಕ್ಟರೂ ಆದೆ ಎಂದರೆ ನೀವು ನಂಬಲಿಕ್ಕಿಲ್ಲ. ಓದಿದ್ದು ಮೂರನೇ ಕ್ಲಾಸು, ಅದೂ ಸುರಪುರದ ಸಾಲಿಗೆ ಮಾಸ್ತರು ಬಂದ ದಿನ ಮಾತ್ರ. ಆದ್ದರಿಂದ ಕತೆ ಸ್ವಲ್ಪ ಅತ್ತಿತ್ತ ಹೋದರೆ ನೀವೇ ಹಿಡಿದು ದಾರಿಗೆ ತಂದುಕೊಳ್ಳಿ.

ಮೊದಲು ನನ್ನ ಕೈಗಳ ವಿಷಯ ಹೇಳಬೇಕು. ನಮ್ಮವರು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಮಷಿನ್ ಪಕ್ಕ ನಿಂತು ನಿಂತು ಕಿವಿ ಕಳೆದುಕೊಂಡರು. ನಮ್ಮವರು ಎಂದರೆ ನನ್ನ ಗಂಡ. ಹೆಸರು ಇಲ್ಲಿಯೂ ಹೇಳುವುದಿಲ್ಲ. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ನಾನು ಪಕ್ಕದವಳ ಮುಖ ನೋಡುತ್ತೇನೆ, ಅವಳು ಹೇಳುತ್ತಾಳೆ. ಲೋಕದಲ್ಲಿರುವ ಬೈಗುಳವನ್ನೆಲ್ಲ ಆ ಮನುಷ್ಯನಿಗೆ ಬೈದಿದ್ದೇನೆ, ಹೆಸರನ್ನು ಮಾತ್ರ ಬಾಯಿಗೆ ತಂದಿಲ್ಲ. ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದೇನೆ. ಹೆಸರು ಹಿಡಿದು ಕರೆಯುವಂತಿಲ್ಲ, ಕೂಗಿದರೆ ಕೇಳುವುದಿಲ್ಲ. ಅದಕ್ಕೆ ಸ್ಟೀಲಿನ ತಟ್ಟೆಯನ್ನು ಸೌಟಿನಿಂದ ಬಡಿಯುತ್ತೇನೆ. ಆ ಸಪ್ಪಳ ಹೇಗೋ ಅವರ ಕಿವಿಗೆ ಇಳಿಯುತ್ತದೆ. ತಿರುಗಿ ನೋಡಿದ ಮೇಲೆ ಮಿಕ್ಕ ಮಾತೆಲ್ಲ ಕೈಯಲ್ಲಿ, ಹುಬ್ಬಿನಲ್ಲಿ, ಸೊಂಟದಲ್ಲಿ. ಹಾಲು ಒಡೆಯಿತು ಎನ್ನುವುದಕ್ಕೆ ಒಂದು ಕೈ, ನಿಮ್ಮ ತಂಗಿ ಬಂದಿದ್ದಾಳೆ ಎನ್ನುವುದಕ್ಕೆ ಇನ್ನೊಂದು ಕೈ. ಮುಖ ಮಾತ್ರ ಎರಡಕ್ಕೂ ಒಂದೇ.

ಮಗ ಮಲ್ಲಣ್ಣ ಟಂಟಂ ಆಟೋ ಓಡಿಸುತ್ತಾನೆ. ಅವನು ಅಪ್ಪನಿಗೆ ಒಂದು ಕಿವಿ ಮಷಿನ್ ತಂದುಕೊಟ್ಟ. ನಮ್ಮವರು ಅದನ್ನು ಒಂದು ಮಧ್ಯಾಹ್ನ ಹಾಕಿಕೊಂಡು, "ಕುಂಯ್ ಅಂತದ" ಎಂದು ಗೋಡೆಯ ಗೂಡಿನಲ್ಲಿ ಕುಂಕುಮದ ಡಬ್ಬಿಯ ಪಕ್ಕ ಇಟ್ಟರು. "ಕುಂಯ್ ಅಂದಿದ್ದು ಮಷಿನೋ, ನಾನೋ?" ಎಂದೆ. ನಕ್ಕರು. ನಾನು ಬೈಯುವಾಗಲೆಲ್ಲ ಆ ಮನುಷ್ಯ ನಗುತ್ತಾರೆ. ಕೇಳದವರಿಗೆ ಸಿಟ್ಟಾದರೂ ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ.

ಸೊಸೆ ಶಿವಲೀಲಾ ಮನೆಯಲ್ಲೇ ಕಡಕ್ ರೊಟ್ಟಿ, ಅದರ ಜೊತೆ ತಿನ್ನಲು ಶೇಂಗಾ ಹಿಂಡಿ ಮಾಡಿ ಮಾರುತ್ತಾಳೆ. ಗಿರಾಕಿ ಬರಲಿ ಎಂದು ಫೋನಿನಲ್ಲಿ ವಿಡಿಯೋ ಹಾಕುತ್ತಿದ್ದಳು. ಒಂದು ದಿನ ಅವಳು ರೊಟ್ಟಿ ಬಡಿಯುವ ವಿಡಿಯೋದಲ್ಲಿ ಹಿಂದೆ ನಾನೂ ಬಂದಿದ್ದೆ. ಒಣಗಲು ಹಾಕಿದ ಮೆಣಸಿನಕಾಯಿಯನ್ನು ಬದಿಗೆ ಸರಿಸಿ ಅದೇ ಚಾಪೆಯ ಮೇಲೆ ನಮ್ಮವರು ಮಲಗಿದ್ದರು, ನಾನು ಅವರಿಗೆ ತಿಳಿಹೇಳುತ್ತಿದ್ದೆ. ಆ ಮಾತು ಊರ ಮಂದಿಗೆ ಕೇಳಿಸುವಂಥದ್ದಲ್ಲ. ಶಿವಲೀಲಾ ಧ್ವನಿ ತೆಗೆದು ಅದರ ಜಾಗದಲ್ಲಿ ಡೋಲಕ್ ಹಾಕಿಬಿಟ್ಟಳು. ಮರುದಿನ ನೋಡಿದವರೆಲ್ಲ ರೊಟ್ಟಿಯ ಮಾತು ಬಿಟ್ಟು, ಹಿಂದಿನ ಅಜ್ಜಿ ಯಾರು ಎಂದು ಕೇಳಿದರು. ಅಲ್ಲಿಂದ ಅವಳು ರೊಟ್ಟಿಯನ್ನು ಮೂಲೆಗೆ ಸರಿಸಿ ನನ್ನನ್ನೇ ಹಿಡಿಯತೊಡಗಿದಳು. ನಾನು ಬೆಕ್ಕಿಗೆ ಬೈದದ್ದು, ಗ್ಯಾಸ್ ಸಿಲಿಂಡರಿಗೆ ಬೈದದ್ದು, ಸಿಗದ ಸೊಳ್ಳೆಗೆ ಬೈದದ್ದು, ಎಲ್ಲ ಧ್ವನಿಯಿಲ್ಲದೆ ಊರೂರು ತಿರುಗಿದವು.

ಹೆಸರು ಬಂದರೆ ಏನಾಗುತ್ತದೆ ಎಂದು ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಗೊತ್ತಾಯಿತು. ಇಬ್ಬರು ಹೆಣ್ಣುಮಕ್ಕಳು ನನ್ನನ್ನು ನೋಡಿ ನಿಂತರು. "ಈಕೀನ ನೋಡ, ಆ ಮೂಕಿ ಅಜ್ಜಿ" ಎಂದಳು ಒಬ್ಬಳು. "ಪಾಪ, ಹುಟ್ಟಿದಾಗಿಂದ ಮಾತ ಬರಂಗಿಲ್ಲೇನೋ" ಎಂದಳು ಇನ್ನೊಬ್ಬಳು. ಕೂರಲು ಜಾಗ ಬಿಟ್ಟರು. ಬಾಳೆಹಣ್ಣು ಕೊಟ್ಟು, ತಿನ್ನು ಎಂದು ಬಾಯಿಗೆ ಕೈ ಒಯ್ದು ತೋರಿಸಿದರು. ಹಣ್ಣು ತಿಂದು ಮುಗಿಸುವ ತನಕ ತಡೆದುಕೊಂಡೆ. ಆಮೇಲೆ ನನಗೆ ಮಾತು ಬರುತ್ತದೆ ಎಂದು ಅವರಿಗೆ ತಿಳಿಸಿದೆ. ಕಂಡಕ್ಟರ್ ಬಂದು ಸಮಾಧಾನ ಮಾಡಬೇಕಾಯಿತು.

ಹೀಗಿರುವಾಗ ಸೈದಾಪುರದ ಕಡೆಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನವನು ಶಿವಲೀಲಾಳಿಗೆ ಫೋನ್ ಮಾಡಿದ. ಕೆಲಸಗಾರರಿಗೆ ದಿನಾ ರೊಟ್ಟಿ ಬೇಕು, ಮನೆಯಲ್ಲಿ ಎಷ್ಟು ಸ್ವಚ್ಛವಾಗಿ ಮಾಡುತ್ತೀರೋ ಒಂದು ವಿಡಿಯೋ ಮಾಡಿ ಸಂಜೆಯೊಳಗೆ ಕಳಿಸಿ, ಸಾಹೇಬರು ನೋಡಿ ಹೇಳುತ್ತಾರೆ ಎಂದ. ಶಿವಲೀಲಾ ಫೋನಿಗೇ ಕೈ ಮುಗಿದಳು. ಈ ಆರ್ಡರ್ ಸಿಕ್ಕರೆ ಒಂದು ಖೋಲಿ ಬಾಡಿಗೆಗೆ ಹಿಡಿದು, ಇನ್ನಷ್ಟು ಹೆಂಗಸರನ್ನು ಕೂಡಿಸಿಕೊಂಡು ದೊಡ್ಡದಾಗಿ ಮಾಡಬೇಕೆಂಬುದು ಅವಳ ಆಸೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದಿ ಊದಿ ಅವಳ ಕಣ್ಣು ಕೆಂಪಾದದ್ದನ್ನು ನಾನೂ ನೋಡಿದ್ದೆ. ನೋಡಿದ್ದೇನೆಂದು ಅವಳಿಗೆ ಹೇಳಿರಲಿಲ್ಲ, ಅಷ್ಟೇ.

"ಈ ಸಲ ನಾ ಮಾಡಸ್ತೀನಿ" ಎಂದೆ.

"ಏನು ಮಾಡಸ್ತೀರಿ ಅತ್ತಿ?"

"ಸಿನಿಮಾ. ನನ್ನ ಮೂಕಿ ಮಾಡಿ ಕುಂದ್ರಿಸಿದ್ದು ಸಾಕು. ಈ ಸಲ ಮಾತ ಇರಬೇಕು."

ಶಿವಲೀಲಾ ನಕ್ಕಳು. "ಹೌದ್ರಿ, ಹಿಂದಿನ ಮೂಕ ಸಿನಿಮಾದಾಗ ನಗಸೋರು ಕಡೀಕ ತಾವ ಸಿನಿಮಾ ಮಾಡಸೋರು ಆಗ್ತಿದ್ರಂತ. ಮೊದಲ ತಾವು ಬೀಳತಿದ್ರು, ಆಮ್ಯಾಲ ಕುರ್ಚಿ ಹಾಕ್ಕೊಂಡು ಕುಂತು ಮಂದೀನ ಬೀಳಸತಿದ್ರು." ಅವಳು ತಮಾಷೆಗೆ ಹೇಳಿದ್ದು. ನಾನು ಕುರ್ಚಿ ತರಲು ಎದ್ದೆ.

ನನಗೆ ಸಿನಿಮಾ ಗೊತ್ತಿಲ್ಲ ಎನ್ನಬೇಡಿ. ಸುರಪುರದಲ್ಲಿ ಚಿಕ್ಕವಳಿದ್ದಾಗ ಟೆಂಟಿನ ಪರದೆಯ ಹಿಂದೆ ಕೂತು ನೋಡುತ್ತಿದ್ದೆವು. ಹಿಂದಿನಿಂದ ನೋಡಿದರೆ ನಾಯಕ ಎಡಗೈಯಲ್ಲಿ ಉಣ್ಣುತ್ತಿದ್ದ. ದೊಡ್ಡವಳಾಗಿ ಮುಂದಿನಿಂದ ನೋಡಿದಾಗ ಬಲಗೈಯವರೆಲ್ಲ ನಕಲಿ ಅನ್ನಿಸಿದರು. ನಡುವೆ ಕರೆಂಟ್ ಹೋದರೆ ಇಡೀ ಟೆಂಟು ತಗಡು ಬಡಿದು ಅರಚುತ್ತಿತ್ತು, ನನ್ನ ಅರಚಾಟ ಎಲ್ಲರಿಗಿಂತ ಮೇಲೆ. ಇಷ್ಟು ಅನುಭವ ಸಾಲದೇ?

ಶಿವಲೀಲಾ ರೊಟ್ಟಿ ಬಡಿಯಬೇಕು. ಪಕ್ಕದ ಮನೆಯ ಹಣಮವ್ವ ಗಿರಾಕಿಯಾಗಿ ಬಂದು, ತಿಂದು, "ಭಾಳ ಛಲೋ ಅದ" ಎನ್ನಬೇಕು. ಫೋನನ್ನು ನಾನೇ ಹಿಡಿದೆ, ಆದರೆ ಅದರಲ್ಲಿ ನನ್ನ ಹೆಬ್ಬೆರಳೇ ಕಾಣುತ್ತಿತ್ತು. "ಮಾವನ ಕೈಯಾಗ ಕೊಡ್ರಿ, ಅವರ ಕೈ ನಡಗಂಗಿಲ್ಲ" ಎಂದಳು ಶಿವಲೀಲಾ. ಕೊಟ್ಟೆ. ಕುರ್ಚಿಯಲ್ಲಿ ಕೂತು "ಹೂಂ, ಶುರು" ಎಂದೆ. ನಮ್ಮವರು ಫೋನನ್ನೇ ನೋಡುತ್ತ ಕೂತರು. ನನ್ನ ಕಡೆ ನೋಡಿದರಲ್ಲವೇ ನನ್ನ ಕೈ ಕಾಣುವುದು.

"ಹೆಸರ ಹಿಡದು ಜೋರ ಕರಿಯವ್ವ, ಒಮ್ಮಿ ಕರದ್ರ ಏನೂ ಆಗಂಗಿಲ್ಲ" ಎಂದಳು ಹಣಮವ್ವ.

"ಮೊದಲ ನೀ ನಿನ್ನ ಗಂಡಂದು ಕರಿ ನೋಡೂನು" ಎಂದೆ. ಅವಳು ಸೆರಗು ಸರಿಮಾಡಿಕೊಂಡಳು.

ಉಳಿದದ್ದು ತಟ್ಟೆಯೊಂದೇ. ಬಡಿದೆ. ನಮ್ಮವರು ತಲೆ ಎತ್ತಿದರು, ನಾನು ಕೈಯಾಡಿಸಿದೆ, ಅವರು ಫೋನ್ ಒತ್ತಿದರು. ಆದರೆ ತಟ್ಟೆ ಬಡಿದರೆ ನಮ್ಮ ಮನೆಯಲ್ಲಿ ಬರುವವರು ಅವರೊಬ್ಬರೇ ಅಲ್ಲ. ಹಿತ್ತಲಿನ ಆಡಿಗೂ ನಾನು ಹೊಟ್ಟು ಹಾಕುವಾಗ ಅದೇ ತಟ್ಟೆ ಬಡಿಯುತ್ತೇನೆ. ಅದು ನಿಷ್ಠೆಯಿಂದ ಓಡಿ ಬಂದು, ಸ್ವಚ್ಛವಾಗಿ ಜೋಡಿಸಿಟ್ಟ ರೊಟ್ಟಿಯ ಬುಟ್ಟಿಗೆ ಬಾಯಿ ಹಾಕಿತು.

ಆಮೇಲೆ ನಾನು ಕುರ್ಚಿಯಲ್ಲಿ ಕೂರಲಿಲ್ಲ. ಆಡಿನ ಕಿವಿ ಹಿಡಿದು ಎಳೆದೆ. ಅದು ಮುಟ್ಟಿದ ಬುಟ್ಟಿಯನ್ನೇ ಪೂರಾ ಅದರ ಮುಂದೆ ಸುರಿದೆ. ಕೈ ತೊಳೆದುಕೊಂಡು ಬಂದು ನೋಡಿದರೆ ಹಣಮವ್ವ ಓಣಿಯ ಕೆಸರುಗಾಲಲ್ಲೇ ಒಲೆಯ ಹತ್ತಿರ ನಿಂತಿದ್ದಳು. ಅವಳನ್ನು ತೋಳು ಹಿಡಿದು ನಳದ ತನಕ ಒಯ್ದು ಕಾಲು ತೊಳೆಸಿದೆ. ಶಿವಲೀಲಾಳ ಕೂದಲು ಹಣೆಗೆ ಬಂದಿತ್ತು, ಬಟ್ಟೆ ಕಟ್ಟಿದೆ. ನೀರಿನ ಕೊಡ ತೆರೆದಿತ್ತು, ಮುಚ್ಚಿದೆ. ಡೈರೆಕ್ಟರನ ಕೆಲಸವೆಂದರೆ ಬೇರೆಯವರ ತಪ್ಪು ತೋರಿಸುವುದು ಎಂದು ತಿಳಿದಿದ್ದೆ, ಅದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಇಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ನಾದಿದ ಹಿಟ್ಟು ಮುಗಿಯಿತು, ಹೊತ್ತು ಇಳಿಯಿತು. "ನಿನ್ನ ಸಿನಿಮಾ ನೀನ ನೋಡ್ಕೋ" ಎಂದು ಹಣಮವ್ವ ತಿನ್ನದೆಯೇ ಹೋದಳು.

ಶಿವಲೀಲಾ ಒಲೆಯ ಮುಂದೆ ಕೈಗೆ ಹತ್ತಿದ ಬೂದಿ ಒರೆಸಿಕೊಳ್ಳುತ್ತ ಕೂತಿದ್ದಳು. "ಹೋತು ಬಿಡ್ರಿ ಅತ್ತಿ" ಎಂದಳು, ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆಮೇಲೆ ಅವಳು ಮಾವನ ಕೈಯಿಂದ ಫೋನ್ ತೆಗೆದುಕೊಂಡು ನೋಡಿದಳು. ನಮ್ಮವರು ಒಂದು ಕ್ಷಣವೂ ಬಿಡದೆ ಎಲ್ಲವನ್ನೂ ಹಿಡಿದಿದ್ದರು. ರೊಟ್ಟಿ ಬಂದದ್ದು ಕಡಿಮೆ, ಬಂದದ್ದೆಲ್ಲ ನಾನೇ. ಮರ್ಯಾದಸ್ಥರು ಕೇಳುವ ಮಾತು ಅದರಲ್ಲಿ ಒಂದೂ ಇರಲಿಲ್ಲ. ಕಳಿಸಲು ಬೇರೆ ಏನೂ ಉಳಿದಿರಲಿಲ್ಲ. ಧ್ವನಿ ತೆಗೆದು, ಕಣ್ಣು ಮುಚ್ಚಿ, ಅದನ್ನೇ ಕಳಿಸಿದಳು.

ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. ಕ್ಯಾಂಟೀನಿನವನ ಮಾತು ಎಲ್ಲರಿಗೂ ಕೇಳುವಂತೆ ಇಟ್ಟಳು. "ಸಾಹೇಬ್ರು ನೋಡಿದ್ರವ್ವ. ಆಡು ಮುಟ್ಟಿದ ಬುಟ್ಟಿ ಪೂರಾ ಚೆಲ್ಲಿ, ಬಂದಾಕಿನ ಕಾಲ ತೊಳಸಿ ಒಳಗ ಕರಕೊಂಡ್ರಲ್ಲ ಆ ಅಜ್ಜಿ, ಆಕಿ ಇದ್ದ ಮನ್ಯಾಗ ನೊಣ ಸೈತ ಬರಾಕ ಅಂಜತದ ಅಂದ್ರು. ಸೋಮವಾರದಿಂದ ಕಳಸ್ರಿ." ಸ್ವಲ್ಪ ತಡೆದು ಕೇಳಿದ, "ಆ ಅಜ್ಜಿಗೆ ಮಾತ ಬರಂಗಿಲ್ಲಂತ, ಖರೇ ಏನ್ರಿ?"

ಶಿವಲೀಲಾ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆದೆ. ಹಸಿ ಕಟ್ಟಿಗೆಯ ಹೊಗೆ ನೆನಪಾಯಿತು. ಮುಚ್ಚಿದೆ.

"ಹೌದ್ರಿ, ಬರಂಗಿಲ್ಲ" ಎಂದಳು ಅವಳು.

ಮಾತು ಮುಗಿದ ಮೇಲೆ ನಮ್ಮವರು ಫೋನ್ ಇಸಿದುಕೊಂಡು ಅದೇ ವಿಡಿಯೋ ನೋಡಿ ನಗುತ್ತ ಕೂತರು. ರೊಟ್ಟಿ ಹಿಡಿಯಿರಿ ಎಂದರೆ ನನ್ನನ್ನು ಯಾಕೆ ಹಿಡಿದಿರಿ ಎಂದು ಕೈಯಲ್ಲಿ ಕೇಳಿದೆ. "ನಂಗೇನು ಹೊಸಾದಲ್ಲ ಬಿಡು" ಎಂದರು. "ಮಿಲ್ಲು ಬಿಟ್ಟಾಗಿಂದ ದಿನಾ ಇದನ್ನ ನೋಡಾಕತ್ತೇನಿ. ಮಂದಿಗೆ ಈಗ ಸಿಕ್ಕೇದ."

ನನ್ನ ಕಣ್ಣು ಗೂಡಿನಲ್ಲಿದ್ದ ಕಿವಿ ಮಷಿನಿನ ಮೇಲೆ ಹೋಯಿತು. ಇಷ್ಟು ವರ್ಷ ನಾನು ಸಂಸಾರ ಸರಿಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆ ಮನುಷ್ಯ ಪುಕ್ಕಟೆ ಸಿನಿಮಾ ನೋಡುತ್ತಿದ್ದರು. ಸಿಟ್ಟು ನೆತ್ತಿಗೇರಿತು. ಕೈ ಎತ್ತಿದೆ. ಅವರು ಗೋಡೆಗೆ ಒರಗಿ ಕಾಲು ಚಾಚಿ ಸರಿಯಾಗಿ ಕೂತರು. ಅದನ್ನು ಕಂಡು ಕೈ ಇಳಿಸಿದೆ. ಬೆನ್ನು ತಿರುಗಿಸಿ, ಹೇಳಬೇಕಾದ್ದನ್ನೆಲ್ಲ ಎದುರಿನ ಗೋಡೆಗೆ ಹೇಳತೊಡಗಿದೆ.

ಹಿಂದಿನಿಂದ, ಟೆಂಟಿನಲ್ಲಿ ತಗಡು ಬಡಿದಂತೆ, ತಟ್ಟೆ ಬಡಿದ ಸಪ್ಪಳ ಬಂತು. "ಯಾಕ, ಕರೆಂಟ್ ಹೋತೇನ?" ಎಂದರು ನಮ್ಮವರು.

ಮತ್ತೆ ಅವರ ಕಡೆ ತಿರುಗಿದೆ. ಏನು ಮಾಡಲಿ, ನೋಡುವವರು ಕಾಯುತ್ತಿದ್ದರು.