ಹಳೇ ಅಕ್ಕಿಯ ಲೆಕ್ಕದಲ್ಲಿ ಹೊಸ ಆಟ

ಹೊಗಳಿಕೆ ಕೇಳಿದರೆ ನಾನು ಕರಗಿಹೋಗುತ್ತೇನೆ. ನನ್ನನ್ನೇ ಹೊಗಳಬೇಕೆಂದಿಲ್ಲ, ಯಾರು ಯಾವುದನ್ನು ಹೊಗಳಿದರೂ ನಂಬಿಬಿಡುತ್ತೇನೆ. ಹೋಟೆಲಿನವನು ಹೊಗಳಿದನೆಂಬ ಒಂದೇ ಕಾರಣಕ್ಕೆ ಆರಿ ಮೆತ್ತಗಾದ ಮಿರ್ಚಿ ಭಜಿಯನ್ನು ಎರಡನೇ ಸಲ ಹಾಕಿಸಿಕೊಂಡು ತಿಂದವನು ನಾನು. ಇಂಥವನು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟರೆ ಏನಾಗಬೇಕೋ ಅದೇ ಆಯಿತು.

ಆ ಆಟದ ಹೆಸರು ಹೇಳುವುದಿಲ್ಲ, ಅದಕ್ಕೂ ಮಾನವಿದೆ. ಬಿಡುಗಡೆಗೆ ಮೊದಲು ಅದರ ಬಗ್ಗೆ ಬಂದ ಜಾಹೀರಾತುಗಳನ್ನು ನೋಡಿದ್ದರೆ ಮದುವೆ ದಲ್ಲಾಳಿಗಳೂ ನಾಚುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ನಾನು ಅಂಗಡಿಗೆ ಬಾಳೆಕಂಬ ಕಟ್ಟಿಸಿದೆ. "ಮೊದಲ ಸ್ವಲ್ಪ ತರಸ್ರಿ, ಹೆಂಗ ಹೋಗತೈತಿ ನೋಡೂಣು" ಎಂದಳು ಹೆಂಡತಿ ಶಾಂತಾ. ನಾನು ಆಟದ ಡಬ್ಬಿಗಳನ್ನು ಗೋಡೆ ತುಂಬ ತರಿಸಿದೆ. ಅವಳ ಅಣ್ಣ ಸಿರುಗುಪ್ಪದ ಅಕ್ಕಿ ವ್ಯಾಪಾರಿ, ಬಳ್ಳಾರಿಯಲ್ಲೊಂದು ಜಾಗ ಹುಡುಕುತ್ತಿದ್ದ. ಬರುವ ಯುಗಾದಿಯೊಳಗೆ ಆಟ ಖಾಲಿಯಾಗದಿದ್ದರೆ ಅರ್ಧ ಅಂಗಡಿ ನಿಮ್ಮಣ್ಣನ ಅಕ್ಕಿಗೇ ಬಿಟ್ಟುಕೊಡುತ್ತೇನೆ ಎಂದು ಜಂಬದಿಂದ ಮಾತು ಕೊಟ್ಟೆ.

ಬಿಡುಗಡೆಯ ದಿನ ಕಾಯಿ ಒಡೆದು, ಮೊದಲ ಡಬ್ಬಿಗೆ ಕುಂಕುಮ ಹಚ್ಚಿ, ಮೋಕಾ ಊರಿನ ವೀರೇಶನ ಕೈಗೆ ಕೊಟ್ಟೆ. ಅವನು ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರು, ನನ್ನ ಖಾಯಂ ಗಿರಾಕಿ. ಮರುದಿನವೇ ಡಬ್ಬಿ ಹಿಡಿದು ವಾಪಸ್ ಬಂದ.

"ಅಣ್ಣಾ, ಹೀರೋ ಸೊಂಟದ ಮಟ ನೆಲದಾಗ ಹುಗದಾನ. ಅವನ ಕುದುರಿ ಆಕಾಶದಾಗ ನಿಂತು ಮೇಯಾಕ ಹತ್ತೈತಿ."

"ಅದು ಆಟದಾಗಿನ ಮಾಯಾ ಇರಬೇಕಲೇ" ಎಂದೆ. ನನಗೇ ನಂಬಿಕೆ ಬರಲಿಲ್ಲ. ಕುಂಕುಮ ಹಚ್ಚಿದ ಡಬ್ಬಿಯನ್ನೇ ವಾಪಸ್ ತೆಗೆದುಕೊಂಡು ದುಡ್ಡು ಎಣಿಸಿಕೊಟ್ಟೆ. ಸುದ್ದಿ ಊರೆಲ್ಲ ಹರಡಿ, ವ್ಯಾಪಾರ ಅಲ್ಲಿಗೇ ನಿಂತುಹೋಯಿತು.

ಬಂದಷ್ಟಕ್ಕೆ ಕೊಟ್ಟು ಕೈತೊಳೆದುಕೊಳ್ಳಿರೆಂದಳು ಶಾಂತಾ. ಅಷ್ಟರಲ್ಲಿ ಅವಳ ಅಣ್ಣ ಬಂದ. ಎಲ್ಲ ಕೇಳಿ, ಅಕ್ಕಿಯವರ ಗಾಂಭೀರ್ಯದಿಂದ ತಲೆಯಾಡಿಸಿದ. "ಭಾವಾರ, ಹೊಸ ಅಕ್ಕಿ ಯಾವಾಗ್ಲೂ ಮುದ್ದಿ ಆಗತೈತ್ರಿ. ಹಂಗಂತ ಯಾರರ ಮಾರಿ ಬಿಡತಾರೇನು? ವರ್ಷ ಕೂಡ್ರಸ್ರಿ. ಹಳೇದಾದಂಗ ಅನ್ನ ಬಿಡಿಬಿಡಿ ಆಗತೈತಿ, ರೇಟೂ ಏರತೈತಿ."

ಎಂಥ ಮಾತು! ನಾನು ಡಬ್ಬಿಗಳನ್ನೆಲ್ಲ ಚೀಲದಲ್ಲಿ ತುಂಬಿ, ಒಂದರ ಮೇಲೊಂದು ಅಟ್ಟಿ ಹಾಕಿ, ಹಣ್ಣಾಗಲೆಂದು ಕಾದೆ. ಅವನ ಸಲಹೆಯಲ್ಲಿ ಅವನದೇ ಲಾಭವಿದೆ ಎಂಬುದು ಹೊಳೆಯುವಷ್ಟು ಬುದ್ಧಿ ನನಗೆ ಯುಗಾದಿಯವರೆಗೆ ಬರಲಿಲ್ಲ.

ತಮಾಷೆಯೆಂದರೆ, ಅವನು ಹೇಳಿದ್ದರಲ್ಲಿ ಅರ್ಧ ನಿಜವಾಯಿತು. ಕಂಪನಿಯವರು ಇಂಟರ್ನೆಟ್ಟಿನಲ್ಲಿ ರಿಪೇರಿ ಕಳಿಸುತ್ತಲೇ ಇದ್ದರು. ಹೀರೋ ನೆಲದಿಂದ ಮೇಲೆದ್ದ, ಕುದುರೆ ಕೆಳಗಿಳಿಯಿತು. ನಾನೇ ಆಡಿ ನೋಡಿದೆ, ಊಟ ಮರೆತೆ. ಖುಷಿಯಿಂದ ವೀರೇಶನಿಗೆ ಫೋನ್ ಮಾಡಿದರೆ, "ಹೌದಣ್ಣಾ, ಈಗ ಭಾರಿ ಐತಿ. ನೆಟ್‌ನ್ಯಾಗ ಅರ್ಧ ರೇಟಿಗೆ ಸಿಕ್ತು, ಮನ್ಯಾಗ ಕುಂತು ಇಳಿಸಿಕೊಂಡೆ" ಎಂದ. ಅಕ್ಕಿಯನ್ನು ಹಾಗೆ ಮನೆಯಲ್ಲಿ ಕೂತು ಇಳಿಸಿಕೊಳ್ಳಲು ಬರುವುದಿಲ್ಲವೆಂಬ ವ್ಯತ್ಯಾಸ ನನಗಾಗಲಿ ಶಾಂತಾಳ ಅಣ್ಣನಿಗಾಗಲಿ ಹೊಳೆದಿರಲಿಲ್ಲ.

ಯುಗಾದಿ ಬಂತು, ಅರ್ಧ ಅಂಗಡಿಯಲ್ಲಿ ಅಕ್ಕಿ ಮೂಟೆ ಇಳಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಕ್ಕಿ ನೀರಿನಂತೆ ಖರ್ಚಾಯಿತು. ಉಳಿದ ನನ್ನ ಅರ್ಧ ಅಂಗಡಿಯ ಮರ್ಯಾದೆ ಉಳಿಸಲು, ಒಂದು ಚೀಲ ಅಕ್ಕಿಗೆ ಒಂದು ಆಟ ಉಚಿತ ಎಂದು ಬೋರ್ಡು ಹಾಕಿದೆ. ಕುರುಗೋಡಿನ ಅಜ್ಜಿಯೊಬ್ಬರು ಅಕ್ಕಿ ಕೊಂಡು ಡಬ್ಬಿಯನ್ನು ಮಾತ್ರ ನನ್ನ ಕಡೆಗೇ ಸರಿಸಿದರು. ಬಿಡುತ್ತೇನೆಯೇ? ಈಗ ಹೇಗೆ ಒಂದೂ ದೋಷವಿಲ್ಲ, ಕಾಡು ಎಷ್ಟು ಚೆಂದ, ಕುದುರೆ ಎಷ್ಟು ಜಾಣ, ಮೊಮ್ಮಕ್ಕಳು ಹೇಗೆ ಕುಣಿಯುತ್ತಾರೆ ಎಂದು ಉಸಿರು ಬಿಡದೆ ಹೊಗಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ತಮ್ಮಾ, ಅಕ್ಕಿ ಬಗ್ಗಿ ನೀ ಒಂದ್ ಮಾತೂ ಆಡಲಿಲ್ಲ," ಎಂದರು ಚೀಲ ಎತ್ತಿಸುತ್ತ. "ಅದಕ್ಕ ತಗೊಂಡೆ."