ಬೆಂಡಣ್ಣ ಮುಳುಗಿದ್ದು

ಈಜುಕೊಳದ ಉಗ್ರಾಣದಲ್ಲಿ ಒಂದು ರಬ್ಬರ್ ಬೊಂಬೆಯಿತ್ತು. ಮುಳುಗುವುದೇ ಅದರ ಉದ್ಯೋಗ. ಜೀವರಕ್ಷಕರ ಪರೀಕ್ಷೆ ನಡೆದಾಗಲೆಲ್ಲ ಅದನ್ನು ಕೊಳದ ತಳಕ್ಕೆ ಬಿಡುತ್ತಿದ್ದರು. ಪರೀಕ್ಷೆಗೆ ಬಂದವರು ಕೆಳಗಿಳಿದು ಅದನ್ನು ಮೇಲಕ್ಕೆ ಎತ್ತಿ ತರಬೇಕು. ವರ್ಷಗಟ್ಟಲೆ ಒಂದು ದಿನವೂ ರಜೆ ಕೇಳದೆ ಮುಳುಗಿದ ಆ ಬೊಂಬೆ, ಸರಿಯಾಗಿ ಪರೀಕ್ಷೆಯ ದಿನ ಬೆಳಿಗ್ಗೆ, ಈಜು ಮೇಷ್ಟ್ರು ಅಟ್ಟದಿಂದ ಇಳಿಸುವಾಗ ಕೈಜಾರಿ ಬಿದ್ದು ಕತ್ತು ಕಿತ್ತುಕೊಂಡಿತು.

ಮೇಷ್ಟ್ರು ಅದರ ತಲೆಯನ್ನು ಕಂಕುಳಲ್ಲಿಟ್ಟುಕೊಂಡು ಟಿಕೆಟ್ ಕಿಟಕಿಯ ಹತ್ತಿರ ಬಂದರು. ಒಳಗೆ ಕೂತಿದ್ದ ಬೆಂಡಣ್ಣ ಗಾಬರಿಯಿಂದ ಎದ್ದು ನಿಂತ.

ಬೆಂಡಣ್ಣ ಅಂದರೆ ಟಿಕೆಟ್ ಕೊಡುವವನು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಹಳೆಯದಾಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಕಾಲುಜಾರಿ ಕೊಳದ ಆಳದ ಕಡೆಗೆ ಬಿದ್ದಿದ್ದ. ಈಜು ಬರುತ್ತಿರಲಿಲ್ಲ. ಜನ ಹೋ ಎಂದು ಓಡಿಬರುವಷ್ಟರಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು, ಹಾಸಿಗೆಯಲ್ಲಿ ಮಲಗಿದವನ ಹಾಗೆ ತೇಲುತ್ತ, "ಯಾರಾದ್ರೂ ಸ್ವಲ್ಪ ದಡಕ್ಕೆ ನೂಕ್ತೀರಾ?" ಎಂದು ಕೇಳಿದ್ದ. ಅವತ್ತಿನಿಂದ ಬೆಂಡಣ್ಣ.

"ಬೊಂಬೆ ಇಲ್ಲ ಅಂದ್ರೆ ಪರೀಕ್ಷೆ ಇಲ್ಲ," ಎಂದರು ಮೇಷ್ಟ್ರು. "ಪರೀಕ್ಷಕರು ಮಹಾ ಶಿಸ್ತಿನ ಮನುಷ್ಯ. ಇವತ್ತು ವಾಪಸ್ ಹೋದ್ರೆ ಮತ್ತೆ ಬರೋದು ಮುಂದಿನ ವರ್ಷವೇ."

ಮಧ್ಯಾಹ್ನ ಪರೀಕ್ಷೆಗೆ ನಿಲ್ಲುವವರಲ್ಲಿ ಮೊದಲನೆಯವಳು ಬೆಂಡಣ್ಣನ ಮಗಳು. ಹೋದ ವರ್ಷ ಅವಳು ಬೊಂಬೆಯನ್ನು ಅರ್ಧದವರೆಗೆ ತಂದು ಹಿಡಿತ ತಪ್ಪಿಸಿಕೊಂಡಿದ್ದಳು. ಆ ರಾತ್ರಿ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಿದ್ದಳು. ಯಾರಿಗೂ ಕೇಳಿಸಲಿಲ್ಲ ಎಂದು ಅವಳು ತಿಳಿದಿದ್ದಳು. ಬೆಂಡಣ್ಣ ಬಾಗಿಲಾಚೆ ಟವೆಲ್ ಹಿಡಿದು ಅಷ್ಟು ಹೊತ್ತೂ ನಿಂತಿದ್ದ. ಈಗ ಇದೇ ಕೊಳದಲ್ಲಿ ಜೀವರಕ್ಷಕರ ಜಾಗ ಖಾಲಿಯಿತ್ತು. ಇವತ್ತು ಪಾಸಾದರೆ ಅದು ಅವಳದು, ಇಲ್ಲದಿದ್ದರೆ ಇನ್ನಾರದೋ.

"ಬೊಂಬೆ ಬದ್ಲು ಮನುಷ್ಯ ಆಗಲ್ವಾ ಮೇಷ್ಟ್ರೇ?"

"ಆಗುತ್ತೆ. ಆದ್ರೆ ಬೊಂಬೆಯಷ್ಟು ತೂಕ ಇರಬೇಕು."

ಇಬ್ಬರೂ ಗೇಟಿನ ಕಡೆ ನೋಡಿದರು. ಅಲ್ಲಿ ಕಾವಲುಗಾರ ಒರಗಿ ನಿಂತಿದ್ದ. ಗೇಟಿನ ಸರಳು ಯಾವುದು, ಕಾವಲುಗಾರ ಯಾವುದು ಎಂದು ತಕ್ಷಣ ಹೇಳುವುದು ಕಷ್ಟವಾಗಿತ್ತು. ಮೇಷ್ಟ್ರು ದೃಷ್ಟಿಯನ್ನು ವಾಪಸ್ ತಂದು ಬೆಂಡಣ್ಣನ ಮೇಲೆ, ಅದರಲ್ಲೂ ಅವನ ನಡುವಿನ ಮೇಲೆ, ಇಟ್ಟರು.

"ನಾನು ಮುಳುಗ್ತೀನಿ," ಎಂದ ಬೆಂಡಣ್ಣ. "ಮಕ್ಕಳಿಗೋಸ್ಕರ ಮುಳುಗಿಹೋದ ಅಪ್ಪಂದಿರು ಎಷ್ಟಿಲ್ಲ? ನಾನೊಬ್ಬ ಹೆಚ್ಚಾ?"

"ಅವರೆಲ್ಲ ಚಿಂತೇಲಿ ಮುಳುಗ್ತಾರೆ ಬೆಂಡಣ್ಣ. ಇದು ನೀರು."

ಅವತ್ತು ಕೊಳಕ್ಕೆ ಸಾರ್ವಜನಿಕರಿಗೆ ಪ್ರವೇಶವಿರಲಿಲ್ಲ. ಆದರೆ ಬೆಂಡಣ್ಣ ಚಡ್ಡಿ ತೊಟ್ಟು ನೀರಿಗಿಳಿಯುತ್ತಾನೆ ಎಂಬ ಸುದ್ದಿಗೆ ಯಾವ ಟಿಕೆಟ್ಟೂ ಬೇಕಿರಲಿಲ್ಲ. ಕ್ಯಾಂಟೀನಿನ ಅಕ್ಕ ಒಲೆ ಆರಿಸಿ ಬಂದಳು. ನೀರು ಕಾಯಿಸುವ ಬಾಯ್ಲರ್ ಮಾವ ಕೈಯೊರೆಸಿಕೊಳ್ಳುತ್ತ ಬಂದು ಬೆಂಚಿನ ಮೇಲೆ ಕೂತ.

ಬೆಂಡಣ್ಣ ದೊಡ್ಡದಾಗಿ ಉಸಿರೆಳೆದು, ಕಣ್ಣು ಮುಚ್ಚಿ, ಮುಳುಗಿದ. ಅಂದರೆ, ಮುಳುಗಿದೆ ಎಂದುಕೊಂಡ. ಕಣ್ಣು ಬಿಟ್ಟಾಗ ಎದುರಿಗೆ ಚಾವಣಿ ಕಾಣಿಸಿತು. ಮೇಷ್ಟ್ರು ನೀರಿಗಿಳಿದು ಭುಜ ಒತ್ತಿದರು, ಕಾಲು ಮೇಲೆ ಬಂತು. ಕಾಲು ಒತ್ತಿದರು, ತಲೆ ಮೇಲೆ ಬಂತು. ನಡುವೆ ಒತ್ತಿದರು, ಮೇಷ್ಟ್ರೇ ಮುಳುಗಿದರು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವರು," ಎಂದಳು ಕ್ಯಾಂಟೀನಿನ ಅಕ್ಕ. "ಖಾಲಿ ಕೊಡ ತೇಲದೆ ಇನ್ನೇನು ಮಾಡುತ್ತೆ?" ಅವಳು ಒಂದು ತಟ್ಟೆ ಬನ್ನು, ಬೇಯಿಸಿದ ಮೊಟ್ಟೆ ತಂದು ತಿನ್ನಿಸಿದಳು. ಬೆಂಡಣ್ಣ ಕರ್ತವ್ಯವೆಂದು ಎಲ್ಲವನ್ನೂ ಮುಗಿಸಿದ. ಆಮೇಲೆ ಮುಂಚಿನಷ್ಟೇ ಚೆನ್ನಾಗಿ ತೇಲಿದ, ಜೊತೆಗೆ ತೇಗಿದ.

"ಉಸಿರು ಬಿಡು!" ಎಂದು ಮೇಷ್ಟ್ರು ಕೂಗಿದರು. "ಎದೇಲಿ ಗಾಳಿ ಇರೋತನಕ ನೀನು ಫುಟ್ಬಾಲೇ. ಪೂರ್ತಿ ಬಿಡು!"

ಬೆಂಡಣ್ಣ ಬಿಟ್ಟ. ನೀರು ಗದ್ದ ದಾಟಿ ತುಟಿಗೆ ಬಂತು. ಜೀವ ಹೌಹಾರಿ, ಬಿಟ್ಟದ್ದರ ಎರಡರಷ್ಟು ಉಸಿರನ್ನು ಗಬಕ್ಕನೆ ಎಳೆದುಕೊಂಡ. ಮತ್ತೆ ಚಾವಣಿ.

ಬಾಗಿಲಿಗೆ ಒತ್ತಾಗಿ ಇಡುತ್ತಿದ್ದ ಕಲ್ಲನ್ನು ಕಾವಲುಗಾರ ಹೊತ್ತು ತಂದ. ಬೆಂಡಣ್ಣ ಅದನ್ನು ಕೂಸಿನ ಹಾಗೆ ತಬ್ಬಿಕೊಂಡು ನಿಜಕ್ಕೂ ಕೆಳಗೆ ಹೋದ. ಎಲ್ಲರೂ ಚಪ್ಪಾಳೆ ತಟ್ಟಬೇಕೆನ್ನುವಾಗ ಒದ್ದೆ ಕೈಯಿಂದ ಕಲ್ಲು ಜಾರಿತು. ಕಲ್ಲು ಕೆಳಗೆ ಹೋಗಿ ಹಾಸುಬಿಲ್ಲೆ ಒಡೆಯಿತು, ಬೆಂಡಣ್ಣ ಮೇಲೆ ಬಂದು ಸೊಂಟದವರೆಗೆ ನೀರಿನಿಂದಾಚೆ ಚಿಮ್ಮಿದ. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು.

ಆಗ ಬಾಯ್ಲರ್ ಮಾವ ಎದ್ದು ನಿಂತ.

"ತಪ್ಪು ಬೆಂಡಣ್ಣಂದಲ್ಲ, ನೀರಿಂದು," ಎಂದ. "ತಣ್ಣೀರು ಗಟ್ಟಿ. ಬಿಸಿಯಾದ್ರೆ ನೀರು ಹಿಗ್ಗುತ್ತೆ, ಹಗುರಾಗುತ್ತೆ. ಹಗುರ ನೀರಿಗೆ ಇಂಥಾ ಆಳನ್ನ ಎತ್ತಿ ಹಿಡಿಯೋ ತಾಕತ್ತಿರಲ್ಲ."

"ಎಷ್ಟು ಬಿಸಿ ಮಾಡ್ಬೇಕು ಮಾವ?"

"ಅದು ಗೊತ್ತಿಲ್ಲ. ಮಾಡ್ತಾ ಹೋಗೋಣ. ಮುಳುಗಿದಾಗ ನಿಲ್ಲಿಸೋಣ."

ಮಾವನ ಮಾತು ಸುಳ್ಳಲ್ಲ. ಆದರೆ ಕೊಳವನ್ನೆಲ್ಲ ಸ್ನಾನದ ನೀರಿನಷ್ಟು ಕಾಯಿಸಿದರೂ ಬೆಂಡಣ್ಣನನ್ನು ಎತ್ತುವ ಬಲ ಕಡಿಮೆಯಾಗುವುದು ಒಂದೆರಡು ಲೋಟ ನೀರಿನ ತೂಕದಷ್ಟು ಮಾತ್ರ. ಆ ಲೆಕ್ಕ ಯಾರೂ ಕೇಳಲಿಲ್ಲ, ಮಾವ ಹೇಳಲೂ ಇಲ್ಲ. ಬಾಯ್ಲರ್ ಗುಡುಗುಡು ಎಂದಿತು. ಮಧ್ಯಾಹ್ನದ ಹೊತ್ತಿಗೆ ಮುಚ್ಚಿದ ಕಿಟಕಿಗಳೊಳಗೆ ಹಬೆ ತುಂಬಿ, ಈ ದಡದಲ್ಲಿ ನಿಂತವರಿಗೆ ಆ ದಡ ಕಾಣದಂತಾಯಿತು. ಬೆಂಡಣ್ಣ ಕೆಂಪಗಾಗಿ, ಬಸವಳಿದು, ತೇಲುತ್ತಲೇ ಇದ್ದ.

ಮಗಳು ಬ್ಯಾಗು ಹೆಗಲಿಗೇರಿಸಿ ಬಂದಾಗ ಮೇಷ್ಟ್ರು ಎಲ್ಲವನ್ನೂ ಹೇಳಿದರು. ಅವಳು ನೀರಿನಂಚಿಗೆ ಬಂದು ಕಾಲು ಇಳಿಬಿಟ್ಟು ಕೂತಳು.

"ಅಪ್ಪ, ಯಾಕಪ್ಪ ಇದೆಲ್ಲ?"

"ಬೆಳಿಗ್ಗೆಯಿಂದ ಮುಳುಗ್ತಾನೇ ಇದ್ದೀನಿ ಕಣೇ. ಆಗ್ತಿಲ್ಲ. ಬೇರೆ ಯಾವ ಅಪ್ಪ ಆಗಿದ್ರೂ ಇಷ್ಟು ಹೊತ್ತಿಗೆ ಮುಳುಗಿರ್ತಿದ್ದ."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಬಾಗಿ ಅವನ ಹಣೆಗೆ ಅಂಟಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು.

"ನಾನು ಫೇಲಾದಾಗಿನಿಂದ ನೀನು ಒಂದು ಸಲಾನೂ ನೆಮ್ಮದಿಯಾಗಿ ಉಸಿರು ಬಿಟ್ಟಿಲ್ಲ. ನಂಗೊತ್ತಿಲ್ವಾ? ಕೆಳಗೆ ಹೋದ್ರೆ ಹೆದರ್ಕೋಬೇಡ ಅಪ್ಪ. ನಾನು ಬರ್ತೀನಲ್ಲ."

ಪರೀಕ್ಷಕರು ಬಂದರು. ಕೋಟು, ಬೂಟು, ದಪ್ಪ ಕನ್ನಡಕ. ಬಾಗಿಲು ದಾಟಿದ ಕೂಡಲೇ ಕನ್ನಡಕಕ್ಕೆ ಹಬೆ ಕವಿಯಿತು.

"ಏನ್ರೀ ಇದು, ಈಜುಕೊಳವೋ ಬಚ್ಚಲ ಹಂಡೆಯೋ? ಇರಲಿ. ಬೊಂಬೆ ಇಲ್ಲವಂತೆ, ಮನುಷ್ಯನೇ ಮುಳುಗ್ತಾನಂತೆ. ಮುಳುಗಲಿ!"

ಮಗಳು ಆಚೆ ದಡದಲ್ಲಿ, ನಿಯಮದಂತೆ ನೀರಿಗೆ ಬೆನ್ನು ಮಾಡಿ ನಿಂತಳು. ಬೆಂಡಣ್ಣ ಆಳದ ಕಡೆ ಕಂಬಿ ಹಿಡಿದಿದ್ದ. ಹಬೆಯಲ್ಲಿ ಅವಳ ಹೆಗಲು ಮಸಕಾಗಿ ಕಾಣುತ್ತಿತ್ತು. ನಾನು ಬರ್ತೀನಲ್ಲ, ಅಂದಿದ್ದಳು. ಇನ್ನು ತಾನು ಮಾಡುವುದೇನೂ ಇಲ್ಲ, ಅವಳು ನೋಡಿಕೊಳ್ಳುತ್ತಾಳೆ ಎಂದು ಬೆಂಡಣ್ಣನಿಗೆ ಮೊಟ್ಟಮೊದಲ ಸಲ ಅನ್ನಿಸಿತು. ಅವನ ಎದೆಯಿಂದ ಒಂದು ನಿಟ್ಟುಸಿರು ಹೊರಟಿತು. ಇಡೀ ಒಂದು ವರ್ಷದ್ದು. ಅದು ಮುಗಿಯುವಂತೆಯೇ ಕಾಣಲಿಲ್ಲ.

ಕಂಬಿ ಬಿಟ್ಟ. ನೀರು ಗದ್ದ ದಾಟಿತು, ಮೂಗು ದಾಟಿತು, ನೆತ್ತಿಯ ಮೇಲೆ ಕೂಡಿಕೊಂಡಿತು. ಕಾಲಿಗೆ ನೆಲದ ಬಿಲ್ಲೆ ತಗುಲಿತು. ಮುಳುಗಿದೆ! ಕೂಗಿ ಹೇಳಲು ಎದೆಯಲ್ಲಿ ಗಾಳಿಯಿರಲಿಲ್ಲ, ಹಾಗಾಗಿ ತನ್ನಷ್ಟಕ್ಕೆ ಹೆಮ್ಮೆಪಟ್ಟು ಕಾದ.

ಮೇಲೆ ಪರೀಕ್ಷಕರು, "ಮುಳುಗಿದನೇನ್ರೀ? ಏನೂ ಕಾಣಿಸ್ತಿಲ್ಲವಲ್ಲ?" ಎಂದು ಕನ್ನಡಕ ತೆಗೆದು ಒರೆಸುತ್ತ, ಇನ್ನೊಂದು ಹೆಜ್ಜೆ ಮುಂದಿಟ್ಟು ಬಾಗಿದರು. ಅಲ್ಲಿ ನೆಲ ಮುಗಿದಿತ್ತು.

ಬೆಂಡಣ್ಣ ಕೆಳಗಿನಿಂದ ಕಂಡದ್ದು ಇಷ್ಟು: ತಲೆಯ ಮೇಲೆ ಒಂದು ಕೋಟು ಛತ್ರಿಯಂತೆ ಅರಳಿತು. ಎರಡು ಬೂಟುಗಳು ಸೈಕಲ್ ತುಳಿಯುವಂತೆ ನೀರು ತುಳಿದವು. ಆಮೇಲೆ ಮಗಳ ಕೈ ಕಾಣಿಸಿತು. ಬಂದಳು! ಬೆಂಡಣ್ಣ ಎರಡು ಕೈಯನ್ನೂ ಮೇಲಕ್ಕೆ ಚಾಚಿದ. ಆ ಕೈ ಕೋಟನ್ನು ಹಿಡಿದು, ಬೂಟುಗಳ ಸಮೇತ ಎಳೆದುಕೊಂಡು ಹೊರಟುಹೋಯಿತು.

ಅವನು ಇನ್ನೂ ಸ್ವಲ್ಪ ಕಾದು ನೋಡಿದ. ಜೀವ ತಡೆಯಲಿಲ್ಲ. ನೆಲವನ್ನು ಒದ್ದು ಮೇಲೆ ಬಂದು ಕಂಬಿ ಹಿಡಿದಾಗ ಎಲ್ಲರೂ ಆಚೆ ದಡದಲ್ಲಿ ಪರೀಕ್ಷಕರನ್ನು ಸುತ್ತುಗಟ್ಟಿದ್ದರು. ಅವರು ಕೆಮ್ಮಿ, ನೀರು ಕಾರಿ, ಮಗಳ ಕೈಯನ್ನು ಬಿಡದೆ ಹಿಡಿದುಕೊಂಡಿದ್ದರು.

"ನನಗೆ ಈಜು ಬರಲ್ಲಮ್ಮ," ಎಂದರು ಸಣ್ಣ ದನಿಯಲ್ಲಿ. "ಇಷ್ಟು ವರ್ಷ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀನು ಪಾಸು. ನೂರಕ್ಕೆ ನೂರು!"

"ಮುಳುಗಿದ್ದೆ!" ಎಂದು ಬೆಂಡಣ್ಣ ಕೂಗಿದ. "ನಾನು ಮುಳುಗಿದ್ದೆ ಕಣ್ರೋ!"

ಎಲ್ಲರೂ ತಿರುಗಿ ನೋಡಿದರು. ಎದೆಯ ತುಂಬ ಗಾಳಿ ತುಂಬಿಕೊಂಡು ಅವನು ಯಥಾಪ್ರಕಾರ ತೇಲುತ್ತಿದ್ದ. ಕ್ಯಾಂಟೀನಿನ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ತಳದಲ್ಲಿದ್ದೆ! ಆಣೆಗೂ!"

"ಆಯ್ತು ಬಿಡು ಬೆಂಡಣ್ಣ," ಎಂದರು ಮೇಷ್ಟ್ರು, ಅಳುವ ಮಗುವನ್ನು ಸಮಾಧಾನ ಮಾಡುವವರಂತೆ.

ಮಗಳು ನೀರಿಗೆ ಹಾರಿ ಬಂದು ಅವನ ಕತ್ತು ತಬ್ಬಿಕೊಂಡಳು. "ನೀನು ಎಲ್ಲೋ ತೇಲ್ತಾ ಇರ್ತೀಯ ಅಂದ್ಕೊಂಡೆ ಅಪ್ಪ. ಪಾಸಾದೆ ಅಪ್ಪ! ಪಾಸಾದೆ!" ಬೆಂಡಣ್ಣ ಅತ್ತನೋ ನಕ್ಕನೋ, ಮುಖವೆಲ್ಲ ಮೊದಲೇ ಒದ್ದೆಯಾಗಿದ್ದರಿಂದ ಯಾರಿಗೂ ತಿಳಿಯಲಿಲ್ಲ. ತಾನು ಮುಳುಗಿದ್ದನ್ನು ಯಾರೂ ನಂಬದಿದ್ದರೂ ಸರಿಯೇ, ಇಷ್ಟು ಸುಖವನ್ನು ಅವನು ಹಿಂದೆ ಯಾವತ್ತೂ ಕಂಡಿರಲಿಲ್ಲ.

ಪರೀಕ್ಷಕರು ಮೇಷ್ಟ್ರ ಟವೆಲ್ ಹೊದ್ದು ಗೋಡೆಗೆ ಒತ್ತಿಕೊಂಡು, ನೀರಿನಿಂದ ಆದಷ್ಟು ದೂರದಲ್ಲಿ ಕುರ್ಚಿ ಹಾಕಿಸಿಕೊಂಡರು.

"ಸರಿ. ಮುಂದಿನವರು ಬನ್ನಿ. ಆ ದಪ್ಪನೆಯವರು ಮುಳುಗಲಿ."

ಬೆಂಡಣ್ಣ ಬೆಚ್ಚಿದ. ಬಾಗಿಲ ಬಳಿ ಬೇರೆ ಊರುಗಳಿಂದ ಬಂದ ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದರು. ಅವನು ಉಸಿರು ಬಿಡಲು ಹೋದ. ದಡದಲ್ಲಿ ಮಗಳು ಟವೆಲ್ ಸುತ್ತಿಕೊಂಡು ಕಾಲಾಡಿಸುತ್ತ ಕೂತದ್ದು ಕಣ್ಣಿಗೆ ಬಿತ್ತು. ನಿಟ್ಟುಸಿರಿನ ಬದಲು ನಗು ಬಂತು, ನಗುವಿನ ಹಿಂದೆಯೇ ಎದೆ ತುಂಬ ಗಾಳಿ ಬಂತು. ಮತ್ತೆ ಪ್ರಯತ್ನಿಸಿದ. ಮತ್ತೆ ನಗು. ಎಷ್ಟು ಹುಡುಕಿದರೂ ಒಳಗೆ ಒಂದು ಚೂರು ಚಿಂತೆ ಸಿಗಲಿಲ್ಲ.

"ಅಂಕಲ್, ದಯವಿಟ್ಟು ಮುಳುಗಿ," ಎಂದಳು ಸಾಲಿನ ಮುಂದಿದ್ದ ಹುಡುಗಿ, ಅಳುವ ದನಿಯಲ್ಲಿ. "ನಮ್ಮಪ್ಪ ಹೊರಗಡೆ ಕಾಯ್ತಿದ್ದಾರೆ."

"ಒಂದೇ ನಿಮಿಷ ಮಗು," ಎಂದ ಬೆಂಡಣ್ಣ, ಚಾವಣಿ ನೋಡುತ್ತ. "ಇಗೋ, ಈಗ ಮುಳುಗಿಬಿಡ್ತೀನಿ."