ಕೇರೆಗಳ ಮೇಲೆ ಹೊದಿಸಿದ ಸೀರೆ

ಒಂದು ಮನೆಯಲ್ಲಿ ಇಬ್ಬರು ಸೊಸೆಯರು ಹೊಂದಿಕೊಂಡಿರಬಲ್ಲರೇ, ಒಂದು ಕೊಟ್ಟಿಗೆಯಲ್ಲಿ ಎರಡು ಹೋರಿ ಕಟ್ಟಬಹುದೇ ಎಂಬ ಪ್ರಶ್ನೆಗಳಿಗೆ ನಮ್ಮ ಮೊಳಕಾಲ್ಮೂರಿನಲ್ಲಿ ಜಗಲಿಗೊಬ್ಬರಂತೆ ಉತ್ತರ ಹೇಳುವವರಿದ್ದಾರೆ. ಆದರೆ ಸಾಕಿದ ಎರಡು ಕೇರೆಹಾವುಗಳನ್ನು ಒಂದೇ ತೊಟ್ಟಿಯಲ್ಲಿ ಬಿಡಬಹುದೇ ಎಂದು ಕೇಳಿ ನೋಡಿ. ನಿಮ್ಮ ಮುಖವನ್ನು ಒಂದು ಥರ ನೋಡಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿ, ಮೆಲ್ಲಗೆ ಎದ್ದು ಹೋಗುತ್ತಾರೆ. ಈ ವಿಷಯದಲ್ಲಿ ನಮ್ಮ ಸೀಮೆಗೆಲ್ಲ ಅನುಭವಸ್ಥನೆಂದರೆ ನಾನೊಬ್ಬನೇ. ಹೇಳದಿದ್ದರೆ ಉಂಡ ಮುದ್ದೆ ಅರಗುವುದಿಲ್ಲ, ಆದ್ದರಿಂದ ಹೇಳಿಯೇ ಬಿಡುತ್ತೇನೆ.

ನಾನು ರೇಷ್ಮೆ ಸೀರೆ ನೇಯುವವನು. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಅಕ್ಕಿಗಂಜಿ ಹಚ್ಚುತ್ತೇವೆ. ಆ ಗಂಜಿಯ ರುಚಿ ನಮ್ಮ ಮನೆಯ ಇಲಿಗಳಿಗೆ ಯಾರು ಹತ್ತಿಸಿದರೋ ಕಾಣೆ, ನೂಲನ್ನು ಶ್ಯಾವಿಗೆಯಂತೆ ತಿನ್ನುತ್ತಿದ್ದವು. ಬೆಕ್ಕು ಸಾಕಿ ನೋಡಿದೆ. ಅದು ಇಲಿ ಹಿಡಿದದ್ದು ನಿಜ, ಆದರೆ ಒಂದು ಮಧ್ಯಾಹ್ನ ನಿಂಬೆಹಳದಿ ನೂಲನ್ನೆಲ್ಲ ತನ್ನ ಮೈಗೆ ಸುತ್ತಿಕೊಂಡು ಮದುವಣಗಿತ್ತಿಯ ಹಾಗೆ ಕೂತಿತ್ತು. ಅಷ್ಟರಲ್ಲಿ ಹಿತ್ತಲ ಬಂಡೆಯ ಸಂದಿಯಿಂದ ಒಂದು ಕೇರೆ ತಾನಾಗಿಯೇ ಒಳಗೆ ಬಂತು. ವಿಷವಿಲ್ಲ, ಉಗುರಿಲ್ಲ, ನೂಲಿನ ಜೊತೆ ಆಡುವ ಚಪಲವಂತೂ ಇಲ್ಲವೇ ಇಲ್ಲ. ಇಲಿಗಳು ರಾತ್ರೋರಾತ್ರಿ ಊರು ಬಿಟ್ಟವರಂತೆ ಮಾಯವಾದವು. ಅದು ತಲೆಯೆತ್ತಿ ನಡೆಯುವ ಗತ್ತು ನೋಡಿ ಗೌಡ ಎಂದು ಹೆಸರಿಟ್ಟೆ. ಹಗಲೆಲ್ಲ ಗೌಡನಿಗೆ ನೂಲಿನ ಕೋಣೆಯಲ್ಲಿ ಗಸ್ತು. ಸಂಜೆಯಾದರೆ, ಹಿಂದೆ ಬಣ್ಣ ಅದ್ದುತ್ತಿದ್ದ ಹಳೆಯ ಕಲ್ಲುತೊಟ್ಟಿಯಲ್ಲಿ ಇಳಿಸಿ ಮೇಲೆ ಬಿದಿರಿನ ತಡಿಕೆ ಮುಚ್ಚುತ್ತಿದ್ದೆ.

ನನ್ನ ಹೆಂಡತಿ ಗಂಗಮ್ಮ ಹಾವಿನ ಬಗ್ಗೆ ಚಕಾರವೆತ್ತಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ, ನನ್ನ ಕೈಯಿಂದ ನೇಯ್ದ ಒಂದು ರೇಷ್ಮೆ ಸೀರೆ. ನೇಕಾರನ ಹೆಂಡತಿ ಎಂದರೆ ಊರವರ ಮದುವೆಗೆಲ್ಲ ರೇಷ್ಮೆ ಕಳಿಸಿಕೊಟ್ಟು ತಾನು ಹತ್ತಿನೂಲಿನ ಸೀರೆಯಲ್ಲಿ ಹೋಗಿ ಮೂಲೆಯಲ್ಲಿ ಕೂರುವವಳು. ಮುಂದಿನದು ನಿನ್ನದೇ ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ, ಆ ಮುಂದಿನದು ಮಡಿಕೆ ಬೀಳುವ ಮೊದಲೇ, ರೇಷ್ಮೆ ಕೊಟ್ಟು ನೇಯಿಸುವ ಸಾಹುಕಾರರ ಗಾಡಿ ಬಾಗಿಲಲ್ಲಿ ನಿಲ್ಲುತ್ತಿತ್ತು. ಈ ಸಲ ಮಾತ್ರ ಆಕೆಯ ತಮ್ಮ ಬೋರಣ್ಣನ ಮದುವೆ ಚಳ್ಳಕೆರೆಯಲ್ಲಿ ನಿಶ್ಚಯವಾಗಿತ್ತು. ನಾನು ಸಾಹುಕಾರರಿಗೆ ಮೈ ಸರಿಯಿಲ್ಲವೆಂದು ಹೇಳಿ ಕಳಿಸಿ, ಕುಂಕುಮದ ಬಣ್ಣಕ್ಕೆ ಗಿಳಿಹಸಿರು ಅಂಚಿಟ್ಟು ಅವಳ ಸೀರೆಗೆ ಕೂತೇಬಿಟ್ಟೆ. ಗಂಗಮ್ಮ ಕೆಲಸದ ನಡುವೆ ಬಂದು ಬಂದು ಅಂಚು ಸವರಿ ಹೋಗುತ್ತಿದ್ದಳು.

ಈ ಬೋರಣ್ಣ ಗರಡಿಯಲ್ಲಿ ಬೆಳೆದ ಆಳು. ಮದುವೆ ಗೊತ್ತಾದ ದಿನದಿಂದ ಅವನಿಗೆ ಲೋಕದಲ್ಲಿ ಒಂಟಿಯಾಗಿರುವ ಯಾವ ಜೀವವನ್ನು ಕಂಡರೂ ಮರುಕ. ಒಂದು ದಿನ ಗಾಡಿಯಿಂದ ಮುಚ್ಚಿದ ಬುಟ್ಟಿಯೊಂದನ್ನು ಇಳಿಸಿದ.

"ಭಾವ, ಗೌಡ ಒಬ್ನೇ ಅವ್ನೆ, ಪಾಪ. ಉಳ್ಳಾರ್ತಿ ಕಾವಲ್ನಾಗೆ ಸಿಕ್ತು, ಹೆಣ್ಣು ತಂದೀನಿ" ಎಂದ.

ದಾರಿಯಲ್ಲಿ ತಳಕು ಎಂಬ ಊರಿನ ಅಂಗಡಿಯವನೊಬ್ಬ ಬುಟ್ಟಿಯಲ್ಲಿ ಬದನೆಕಾಯಿ ಇರಬೇಕೆಂದು ಕೈ ಹಾಕಿ, ಆಮೇಲೆ ಅಂಗಡಿ ಮುಚ್ಚಿ ಹೋದನಂತೆ. ಹೆಣ್ಣೆಂದು ಹೇಗೆ ಗೊತ್ತು ಎಂದು ಕೇಳಿದೆ. ಬುಟ್ಟಿಯ ಮುಚ್ಚಳ ತೆಗೆದಾಗಲೆಲ್ಲ ಮುಖ ಮುಚ್ಚಿಕೊಳ್ಳುತ್ತದೆ, ನಾಚಿಕೆಯ ಸ್ವಭಾವ ಎಂದ. ನನಗೂ ಅದು ಸರಿಯೆನ್ನಿಸಿತು. ಚೆಲುವಿ ಎಂದು ಹೆಸರಾಯಿತು. ನಮ್ಮ ಅವ್ವ ಹೊಸ ಸೊಸೆಗೆ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟಳು. ಒದೆಯಲು ಕಾಲಿಲ್ಲದ್ದರಿಂದ ಬೋರಣ್ಣ ಬಾಲ ಮುಟ್ಟಿಸಿ ಶಾಸ್ತ್ರ ತೀರಿಸಿದ. ತೊಟ್ಟಿಗೆ ಬಿಟ್ಟೆವು. ಒಂದನ್ನೊಂದು ತಿಂದುಬಿಟ್ಟರೆ ಏನು ಗತಿ ಎಂದು ನಾನು ತೊಟ್ಟಿಯ ಅಂಚು ಬಿಟ್ಟು ಕದಲಲಿಲ್ಲ. ಅವು ಮಾತ್ರ ಆ ಮೂಲೆಗೊಂದು ಈ ಮೂಲೆಗೊಂದು ಮಲಗಿ, ಬೀಗರ ಮನೆಯ ಗಂಡಸರಂತೆ ಮುಖ ತಿರುಗಿಸಿಕೊಂಡಿದ್ದವು.

ಗಂಗಮ್ಮನ ಸೀರೆ ಮಗ್ಗದಿಂದ ಇಳಿಯಿತು. ಅದನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು, ಅಡಿಗೆಮನೆಗೆ ಹೋಗಿ ಅವಳ ಮಡಿಲಿಗೆ ಹಾಕಬೇಕೆಂದು ಹೊರಟಿದ್ದೆ. ಜೋಡಿಯ ಸಂಸಾರ ನೋಡಲೆಂದು ನಮ್ಮಲ್ಲೇ ಉಳಿದಿದ್ದ ಬೋರಣ್ಣ ತೊಟ್ಟಿಯ ಕಡೆಯಿಂದ ಕೂಗಿದ. ಓಡಿ ಹೋಗಿ ನೋಡಿದರೆ, ಅಯ್ಯಯ್ಯೋ, ಆ ಸೊಗಸನ್ನು ಏನು ಹೇಳಲಿ! ಗೌಡನೂ ಚೆಲುವಿಯೂ ಹುರಿ ಹೊಸೆದ ಹಾಗೆ ಹೆಣೆದುಕೊಂಡು, ಬೋರಣ್ಣ ತಡಿಕೆ ಸರಿಸಿದ್ದ ತೊಟ್ಟಿಯಿಂದ ಮೊಳದೆತ್ತರ ಎದ್ದು ತೂಗುತ್ತಿದ್ದವು. ಅವ್ವ ಕೈ ಮುಗಿದು, ಹಾವು ಹೆಣೆಯಾಡುವಾಗ ಹೊಸ ಬಟ್ಟೆ ಹೊದಿಸಿದರೆ ಆ ಮನೆಗೆ ಕೊರತೆಯೆಂಬುದೇ ಇಲ್ಲ, ಬೇಗ, ಬೇಗ ಎಂದು ಅವಸರ ಮಾಡಿದಳು. ಈ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಹಾಗೆ ಹೊದಿಸುವ ಭಾಗ್ಯ ಮಾತ್ರ ಯಾರಿಗೂ ಸಿಕ್ಕಿದ್ದಿಲ್ಲ. ನನ್ನ ಪಂಚೆ ಉಟ್ಟದ್ದು, ಬೋರಣ್ಣನ ರುಮಾಲು ಬೆವರಿದ್ದು. ಹೊಸದೆಂದರೆ ಹೆಗಲ ಮೇಲಿದ್ದದ್ದು ಒಂದೇ. ಯೋಚನೆ ಎಂಬುದು ತಲೆಗೆ ಬರುವ ಮೊದಲೇ ಕೈ ಬೀಸಿತ್ತು. ಕುಂಕುಮದ ಸೀರೆ ತಾನೇ ಎದ್ದು ನಿಂತು, ಸೊಂಟ ತಿರುಗಿಸಿ ಕುಣಿಯತೊಡಗಿತು. ನಾನೂ ಬೋರಣ್ಣನೂ ಅದರ ಸುತ್ತ ಕುಣಿದೆವು.

ಹಾವುಗಳು ಬಿಡಿಸಿಕೊಂಡ ಮೇಲೆ ಅವ್ವ ಸೀರೆಯನ್ನು ಮೆಲ್ಲಗೆ ಎತ್ತಿ ಕಣ್ಣಿಗೊತ್ತಿಕೊಂಡು, "ಇನ್ನ ಇದ್ನ ಯಾರೂ ಉಡಂಗಿಲ್ಲ. ದೇವ್ರ ಪೆಟ್ಟಿಗೆಯಾಗೆ ಇರ್ಬೇಕು" ಎಂದಳು. ನಾನು ತಿರುಗಿ ನೋಡಿದೆ. ಗಂಗಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈ ತುಂಬ ಹಿಟ್ಟು. ತಿರುಗಿ ಒಳಗೆ ಹೋದಳು. ಆ ದಿನ ರೊಟ್ಟಿ ಬಡಿಯುವ ಸದ್ದು ಪಕ್ಕದ ಬೀದಿಗೆ ಕೇಳಿಸಿತು. ನನಗೆ ನಿಜವಾಗಿ ಸಂಕಟವಾಯಿತು, ಆದರೆ ಬರಲಿರುವ ಭಾಗ್ಯ ನೆನೆದು ಸಮಾಧಾನ ಮಾಡಿಕೊಂಡೆ.

ಭಾಗ್ಯಕ್ಕೆ ಬದಲಾಗಿ ಇಲಿಗಳು ಬಂದವು. ಗೌಡ ತೊಟ್ಟಿಯ ಮೂಲೆ ಬಿಟ್ಟು ಏಳಲೊಲ್ಲ, ಎದುರಿಗೆ ಇಲಿ ಹಾಕಿದರೂ ಮೂಸಲೊಲ್ಲ. ಹೊಸದಾಗಿ ಮದುವೆಯಾದವರು ಸ್ವಲ್ಪ ದಿನ ಹೀಗೇ ಇರುತ್ತಾರೆ ಎಂದು ಬೋರಣ್ಣ ನಾಚಿಕೊಂಡು ಹೇಳಿದ. ಗಂಗಮ್ಮ ಮಾತ್ರ ಕೆಲಸ ಮುಗಿದಾಗಲೆಲ್ಲ ತೊಟ್ಟಿಯ ಪಕ್ಕ ಮಣೆ ಹಾಕಿಕೊಂಡು ಕೂತು ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅವಳೇ ನಮ್ಮನ್ನೆಲ್ಲ ಕರೆದಳು. ಮತ್ತೆ ಹೆಣೆಯಾಟ ನಡೆದಿತ್ತು. ಈ ಸಲ ಸೀರೆಯ ಮರೆಯಿಲ್ಲದ್ದರಿಂದ ಎಲ್ಲ ಕಾಣುತ್ತಿತ್ತು. ಗೌಡ ತಲೆಯೆತ್ತಿದರೆ ಚೆಲುವಿ ಅದನ್ನು ಒತ್ತುತ್ತದೆ, ಗೌಡ ನುಣುಚಿಕೊಂಡರೆ ಮತ್ತೆ ಸುತ್ತಿ ಒತ್ತುತ್ತದೆ. ಕೊನೆಗೆ ಚೆಲುವಿ ಗೌಡನ ತಲೆಯನ್ನು ಕಲ್ಲಿಗೆ ಒತ್ತಿ ಹಿಡಿಯಿತು. ಆ ಕ್ಷಣದಲ್ಲಿ ಬೋರಣ್ಣ ಮೈಮರೆತು ಪಟೀರೆಂದು ತೊಡೆ ತಟ್ಟಿದ.

"ತಮ್ಮ, ಮದುವ್ಯಾಗೆ ಯಾರಾದ್ರೂ ತೊಡೆ ತಟ್ತಾರೇನೋ?" ಎಂದು ಗಂಗಮ್ಮ ಕೇಳಿದಳು.

ಬೋರಣ್ಣನ ಕೈ ತೊಡೆಯ ಮೇಲೆಯೇ ನಿಂತಿತು. ತಲೆ ಕೆರೆದುಕೊಂಡು, "ಅಕ್ಕ, ಈ ಪಟ್ಟು ನಮ್ಮ ಗರಡಿಯಾಗೆ ಐತೆ" ಎಂದ.

ನಾನು ಸುಮ್ಮನೆ ಸೋಲುವವನಲ್ಲ. ಪ್ರೀತಿಯಲ್ಲಿಯೂ ಒಬ್ಬರು ಇನ್ನೊಬ್ಬರನ್ನು ಒತ್ತುವುದುಂಟು, ನನ್ನನ್ನೇ ನೋಡಬಾರದೇ ಎಂದು ವಾದ ಹೂಡಿದೆ. ಪ್ರೀತಿಯಾಗಿದ್ದರೆ ಗೌಡ ಅನ್ನ ನೀರು ಬಿಟ್ಟು ಮೂಲೆ ಸೇರುತ್ತಿರಲಿಲ್ಲ, ಇವು ಎರಡೂ ಗಂಡು, ಓಡಿ ಹೋಗಲು ಜಾಗವಿಲ್ಲದೆ ಸೋತದ್ದು ಸಾಯುತ್ತಿದೆ ಎಂದಳು ಗಂಗಮ್ಮ. ಆಮೇಲೆ ಅವ್ವನ ಕಡೆ ತಿರುಗಿದಳು.

"ಅತ್ತೆ, ಜಗಳದ ಮ್ಯಾಲೆ ಹೊದ್ಸಿದ ಬಟ್ಟೆಗೆ ಏನು ಶಾಸ್ತ್ರ ಐತೆ?"

ಅವ್ವ ಹಿರಿಯರು ಹೇಳಿದ್ದನ್ನೆಲ್ಲ ಒಳಗೇ ತಿರುವಿ ಹಾಕುತ್ತಿದ್ದಂತೆ ಕಂಡಿತು.

"ಜಗಳಕ್ಕೆ ಯಾವ ಶಾಸ್ತ್ರನೂ ಇಲ್ಲ ಕಣವ್ವ. ಬಿಸ್ಲಿಗೆ ಹಾಕಿ ಉಟ್ಕೋ ಹೋಗು."

ಬೋರಣ್ಣ ಚೆಲುವಿಯನ್ನು, ಅಂದರೆ ಚೆಲುವನನ್ನು, ಮರಳಿ ಕಾವಲಿನ ಹುಲ್ಲಿಗೆ ಬಿಟ್ಟು ಬಂದ. ಗೌಡ ಮೂಲೆಯಿಂದ ಎದ್ದು ಮೊದಲಿನಂತೆ ಗಸ್ತು ತಿರುಗಿದ. ಚಳ್ಳಕೆರೆಯ ಮದುವೆಯಲ್ಲಿ ಗಂಗಮ್ಮ ಕುಂಕುಮದ ಸೀರೆಯುಟ್ಟು ಹೆಂಗಸರ ನಟ್ಟನಡುವೆ ಕೂತಿದ್ದಳು. ಇಷ್ಟು ವರ್ಷ ನೇಯ್ದವನು ನಾನು, ನನ್ನ ಸೀರೆಯೊಂದು ಉಟ್ಟವರ ಮೈಮೇಲೆ ಹೇಗೆ ಕಾಣುತ್ತದೆಂದು ಹತ್ತಿರದಿಂದ ನೋಡಿಯೇ ಇರಲಿಲ್ಲ. ಕಣ್ಣು ತುಂಬಿ ಬಂತು. ಎಷ್ಟು ಚೆನ್ನಾಗಿ ಕಾಣುತ್ತೀಯ ಎನ್ನಲು ಹತ್ತಿರ ಹೋದೆ. ಬಾಯಿಂದ ಹೊರಟದ್ದು, ಎಡಗಡೆ ಅಂಚಿನಲ್ಲಿ ಒಂದು ಎಳೆ ಸಡಿಲವಾಗಿದೆ ಎಂಬ ಮಾತು. ಹಾಗಾದರೆ ಇನ್ನೊಂದು ನೇಯಿರಿ ಎಂದಳು ಅವಳು ನಗುತ್ತ.

ಅದು ಈಗ ಮಗ್ಗದ ಮೇಲಿದೆ. ಸೀರೆ ಇಳಿಯುವ ದಿನ ತೊಟ್ಟಿಯ ಹತ್ತಿರ ಸುಳಿಯಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿದೆ, ಗೌಡನಿಗಲ್ಲ, ನನಗೆ.